ಮೊದಲ ಹೆರಿಗೆ ಸಿಸೇರಿಯನ್ ಆಗಿದ್ದರೆ: ಮುಂದಿನ ಹೆರಿಗೆಗೆ ಸಿದ್ಧವಾಗುವ ಬಗೆ

ಎರಡನೆಯ ಬಸುರು ಖಚಿತವಾದ ವಾರದಲ್ಲೇ ಮಾಡಬೇಕಾದ ಒಂದು ಕೆಲಸವಿದೆ. ಮೊದಲ ಹೆರಿಗೆಯ ಸಮಯದಲ್ಲಿ ಆಸ್ಪತ್ರೆಯವರು ಕೊಟ್ಟ ಡಿಸ್ಚಾರ್ಜ್ ಕಾಗದವನ್ನು ಹುಡುಕಿ ತೆಗೆಯಬೇಕು. ಈ ಬಾರಿ ಸಹಜ ಹೆರಿಗೆಗೆ ಪ್ರಯತ್ನಿಸಬಹುದೇ, ಮತ್ತೆ ಸಿಸೇರಿಯನ್ ಮಾಡಿಸಿಕೊಳ್ಳುವುದೇ ಒಳ್ಳೆಯದೇ ಎಂಬ ಪ್ರಶ್ನೆಗೆ ಉತ್ತರ ಬಹುಮಟ್ಟಿಗೆ ಎರಡು ಸಂಗತಿಗಳನ್ನು ಅವಲಂಬಿಸಿದೆ. ಹಿಂದಿನ ಬಾರಿ ಗರ್ಭಕೋಶವನ್ನು ಎಲ್ಲಿ, ಹೇಗೆ, ಯಾವ ಕಾರಣಕ್ಕೆ ಕೊಯ್ದರು ಎಂಬುದು ಮೊದಲನೆಯದು. ಈ ಬಾರಿ ನೀವು ಸೇರುವ ಆಸ್ಪತ್ರೆಯಲ್ಲಿ ನಡುರಾತ್ರಿ ಎರಡು ಗಂಟೆಗೂ ತುರ್ತು ಶಸ್ತ್ರಚಿಕಿತ್ಸೆ ಮಾಡುವ ಸಿದ್ಧತೆ ಇದೆಯೇ ಎಂಬುದು ಎರಡನೆಯದು. ಇವೆರಡನ್ನೂ ತಿಳಿಯದೆ ಯಾರೇ ಕೊಡುವ ಸಲಹೆ, ಅದು ‘ನಾರ್ಮಲ್ ಆಗೇ ಆಗುತ್ತದೆ, ಹೆದರಬೇಡ’ ಎಂಬ ಧೈರ್ಯದ ಮಾತಾಗಿರಲಿ, ‘ಒಮ್ಮೆ ಕೊಯ್ದ ಮೇಲೆ ಮುಗಿಯಿತು’ ಎಂಬ ನಿರಾಸೆಯ ಮಾತಾಗಿರಲಿ, ಊಹೆಯೇ ಸರಿ.

ಈ ಪ್ರಶ್ನೆ ಈಗ ಕೆಲವೇ ಮನೆಗಳದ್ದಾಗಿ ಉಳಿದಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಹೆರಿಗೆಗಳ ಪೈಕಿ ಶೇ 31.5ರಷ್ಟು ಸಿಸೇರಿಯನ್ ಎಂದು ದಾಖಲಾಗಿದೆ. ಅದಕ್ಕೆ ಹಿಂದಿನ ಸಮೀಕ್ಷೆಯಲ್ಲಿ ಈ ಪ್ರಮಾಣ ಶೇ 23.6 ಇತ್ತು. ಅಂದರೆ ನಮ್ಮ ರಾಜ್ಯದಲ್ಲಿ ಎರಡನೆಯ ಮಗುವಿಗೆ ಸಿದ್ಧರಾಗುತ್ತಿರುವ ತಾಯಂದಿರಲ್ಲಿ ಬಹಳಷ್ಟು ಮಂದಿ ಗರ್ಭಕೋಶದ ಮೇಲೆ ಒಂದು ಹಳೆಯ ಹೊಲಿಗೆಯನ್ನು ಹೊತ್ತವರೇ ಆಗಿದ್ದಾರೆ.

‘ಒಮ್ಮೆ ಸಿಸೇರಿಯನ್ ಆದರೆ ಮುಂದೆಯೂ ಸಿಸೇರಿಯನ್’ ಎಂಬ ಮಾತನ್ನು 1916ರಲ್ಲಿ ಬರೆದವರು ನ್ಯೂಯಾರ್ಕಿನ ವೈದ್ಯ ಎಡ್ವಿನ್ ಕ್ರೇಗಿನ್. ಆ ಕಾಲದಲ್ಲಿ ಗರ್ಭಕೋಶದ ಮೇಲ್ಭಾಗದ ದಪ್ಪ ಸ್ನಾಯುವನ್ನು ಉದ್ದುದ್ದಕ್ಕೆ ಕೊಯ್ಯುತ್ತಿದ್ದರು. ಹೆರಿಗೆಯ ನೋವಿನಲ್ಲಿ ಹೆಚ್ಚು ಬಿಗಿಯುವ ಭಾಗವೇ ಅದಾದ್ದರಿಂದ ಅಲ್ಲಿನ ಹೊಲಿಗೆ ಬಿಟ್ಟುಕೊಳ್ಳುವ ಭಯ ನಿಜವಾಗಿಯೂ ದೊಡ್ಡದಾಗಿತ್ತು. 1920ರ ದಶಕದಲ್ಲಿ ಗ್ಲಾಸ್ಗೊದ ಮನ್ರೊ ಕೆರ್ ಅವರು ಗರ್ಭಕೋಶದ ಕೆಳಭಾಗದ ತೆಳುಪದರದಲ್ಲಿ ಅಡ್ಡವಾಗಿ ಕೊಯ್ಯುವ ಕ್ರಮವನ್ನು ಪ್ರತಿಪಾದಿಸಿದರು. ಮುಂದೆ ಜಗತ್ತಿನಾದ್ಯಂತ ಅದೇ ರೂಢಿಗೆ ಬಂತು. ಕೊಯ್ಯುವ ಜಾಗ ಬದಲಾಗಿ ನೂರು ವರ್ಷ ಸಮೀಪಿಸಿದರೂ ಹಳೆಯ ಮಾತು ಮಾತ್ರ ಬದಲಾಗದೆ ನಮ್ಮ ಮನೆಗಳಲ್ಲಿ ಉಳಿದುಬಿಟ್ಟಿದೆ.

ಹಳೆಯ ಕಾಗದದಲ್ಲಿ ಏನನ್ನು ನೋಡಬೇಕು

ಹೊಟ್ಟೆಯ ಚರ್ಮದ ಮೇಲೆ ಕಾಣುವ ಗೆರೆಯನ್ನು ನೋಡಿ ಒಳಗಿನ ಕೊಯ್ತವನ್ನು ಹೇಳಲು ಬರುವುದಿಲ್ಲ. ಹೊರಗೆ ಅಡ್ಡಗೆರೆ ಇದ್ದು ಒಳಗೆ ಗರ್ಭಕೋಶವನ್ನು ಉದ್ದಕ್ಕೆ ಕೊಯ್ದಿರಬಹುದು, ಹೊರಗೆ ಉದ್ದಗೆರೆ ಇದ್ದು ಒಳಗೆ ಅಡ್ಡವಾಗಿಯೇ ಕೊಯ್ದಿರಬಹುದು. ಆದ್ದರಿಂದಲೇ ಕಾಗದ ಮುಖ್ಯವಾಗುತ್ತದೆ. ಅದರಲ್ಲಿ ‘ಎಲ್‌ಎಸ್‌ಸಿಎಸ್’ ಎಂಬ ಅಕ್ಷರಗಳಿದ್ದರೆ ಗರ್ಭಕೋಶದ ಕೆಳಭಾಗದಲ್ಲಿ ಕೊಯ್ದಿದ್ದಾರೆ ಎಂದರ್ಥ. ‘ಕ್ಲಾಸಿಕಲ್’ ಎಂದಿದ್ದರೆ ಮೇಲ್ಭಾಗದ ಉದ್ದ ಕೊಯ್ತ. ಮಗುವನ್ನು ತೆಗೆಯುವಾಗ ಕೊಯ್ತ ಹರಿದು ಮೇಲಕ್ಕೆ ಸಾಗಿದ್ದರೆ ‘ಟಿ’ ಅಥವಾ ‘ಜೆ’ ಅಕ್ಷರದ ಆಕಾರದ್ದೆಂದು ಬರೆದಿರುತ್ತಾರೆ. ಈ ಕೊನೆಯ ವಿವರ ಡಿಸ್ಚಾರ್ಜ್ ಕಾಗದದಲ್ಲಿ ಬಿಟ್ಟುಹೋಗಿ, ಶಸ್ತ್ರಚಿಕಿತ್ಸೆಯ ಟಿಪ್ಪಣಿಯಲ್ಲಿ ಮಾತ್ರ ಇರುವ ಸಂಭವ ಇದೆ. ಆದ್ದರಿಂದ ಸಾಧ್ಯವಾದರೆ ಆ ಟಿಪ್ಪಣಿಯ ಪ್ರತಿಯನ್ನೂ ಕೇಳಿ ಪಡೆಯಿರಿ.

ಹಿಂದಿನ ಸಿಸೇರಿಯನ್ನಿಗೆ ಕಾರಣ ಏನಾಗಿತ್ತು ಎಂಬುದನ್ನೂ ಗಮನವಿಟ್ಟು ಓದಬೇಕು. ಮಗು ತಲೆಕೆಳಗಾಗದೆ ಕುಂಡೆ ಅಥವಾ ಕಾಲು ಕೆಳಗಾಗಿ ಕೂತಿತ್ತು, ಮಾಸು ದಾರಿಗೆ ಅಡ್ಡವಿತ್ತು, ಮಗುವಿನ ಎದೆಬಡಿತ ಇಳಿಯಿತು ಎಂಬಂಥ ಕಾರಣಗಳು ಈ ಬಾರಿಯೂ ಮರುಕಳಿಸಲೇಬೇಕೆಂದಿಲ್ಲ. ಅಂಥವರಲ್ಲಿ ಸಹಜ ಹೆರಿಗೆ ಕೈಗೂಡುವ ಸಾಧ್ಯತೆ ಹೆಚ್ಚು. ಗಂಟೆಗಟ್ಟಲೆ ನೋವು ತಿಂದರೂ ಗರ್ಭಕೋಶದ ಬಾಯಿ ಪೂರ್ತಿ ತೆರೆಯಲಿಲ್ಲ, ಮಗು ಕೆಳಗಿಳಿಯಲಿಲ್ಲ ಎಂಬ ಕಾರಣವಿದ್ದರೆ ಆ ಸಾಧ್ಯತೆ ಸ್ವಲ್ಪ ಕಡಿಮೆಯಾಗುತ್ತದೆ, ಆದರೆ ಇಲ್ಲವಾಗುವುದಿಲ್ಲ. ಬಾಯಿ ಎಷ್ಟು ಸೆಂಟಿಮೀಟರ್ ತೆರೆದಿದ್ದಾಗ ಶಸ್ತ್ರಚಿಕಿತ್ಸೆಗೆ ಒಯ್ದರು, ಮಗುವಿನ ತೂಕ ಎಷ್ಟಿತ್ತು, ಹೆರಿಗೆಯ ನಂತರ ಜ್ವರ ಬಂದಿತ್ತೇ, ಗಾಯಕ್ಕೆ ಸೋಂಕಾಗಿತ್ತೇ ಎಂಬುದನ್ನು ನಿಮ್ಮ ನೆನಪಿನಿಂದಲಾದರೂ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ.

ಕಾಗದ ಕಳೆದುಹೋಗಿದ್ದರೆ ಹಳೆಯ ಆಸ್ಪತ್ರೆಗೆ ಲಿಖಿತವಾಗಿ ಕೇಳಿ. ಭಾರತೀಯ ವೈದ್ಯಕೀಯ ಮಂಡಳಿಯ 2002ರ ವೃತ್ತಿ ನಡತೆಯ ನಿಯಮಾವಳಿಯಂತೆ ಒಳರೋಗಿಗಳ ದಾಖಲೆಯನ್ನು 3 ವರ್ಷ ಕಾಪಾಡಬೇಕು, ಕೇಳಿದವರಿಗೆ 72 ಗಂಟೆಯೊಳಗೆ ಒದಗಿಸಬೇಕು. ಮೂರು ವರ್ಷದ ಈ ಗಡಿಯೇ ತೊಂದರೆಯ ಮೂಲ, ಏಕೆಂದರೆ ಎರಡು ಮಕ್ಕಳ ನಡುವೆ ಅಂತರವಿಡಿ ಎಂದು ಹೇಳಿಸಿಕೊಂಡು ಹಾಗೆಯೇ ನಡೆದ ತಾಯಿ ಹಿಂದಿರುಗಿ ಬರುವಷ್ಟರಲ್ಲಿ ದಾಖಲೆ ಇಲ್ಲವಾಗಿರಬಹುದು. ನನ್ನ ತಂಗಿಯ ವಿಷಯದಲ್ಲಿ ಹಾಗೆಯೇ ಆಯಿತು. ತವರಿನಲ್ಲಿ ಆದ ಹೆರಿಗೆಯ ಕಾಗದ ಮನೆ ಬದಲಿಸುವಾಗ ಕಳೆದಿತ್ತು, ಆಸ್ಪತ್ರೆಯಲ್ಲಿ ಹಳೆಯ ಕಡತವನ್ನು ತೆಗೆದುಹಾಕಿದ್ದರು. ಆರನೆಯ ತಿಂಗಳ ತನಕ ನಾವು ಅಲೆದದ್ದೇ ಬಂತು. ಮಗುವಿಗೆ ಒಂದು ವರ್ಷ ತುಂಬುವ ಮೊದಲೇ ಆ ಕಾಗದಗಳ ಫೋಟೊ ತೆಗೆದು ಮನೆಯ ಇಬ್ಬರು ಮೂವರ ಮೊಬೈಲಿನಲ್ಲಿ ಇಟ್ಟುಬಿಡಿ ಎಂದು ನಾನು ಎಲ್ಲರಿಗೂ ಹೇಳುವುದು ಆ ಅನುಭವದಿಂದಲೇ. ದಾಖಲೆ ಸಿಗಲೇ ಇಲ್ಲವೆಂದರೂ ದಾರಿ ಮುಚ್ಚಿತೆಂದಲ್ಲ. ತಿಂಗಳು ತುಂಬಿ ಆದ ಸಿಸೇರಿಯನ್‌ಗಳಲ್ಲಿ ಬಹುತೇಕ ಎಲ್ಲವೂ ಕೆಳಭಾಗದ ಅಡ್ಡ ಕೊಯ್ತಗಳೇ ಆದ್ದರಿಂದ ವೈದ್ಯರು ಉಳಿದ ವಿವರಗಳನ್ನು ಕೇಳಿ ತೀರ್ಮಾನಿಸಬಲ್ಲರು. ಮೊದಲ ಮಗು ಬಹಳ ಮುಂಚಿತವಾಗಿ, ಏಳನೆಯ ತಿಂಗಳಿಗಿಂತ ಮೊದಲು ಹುಟ್ಟಿದ್ದರೆ ಅದನ್ನು ತಪ್ಪದೆ ಹೇಳಿ. ಆಗ ಉದ್ದ ಕೊಯ್ತದ ಸಂಭವ ಹೆಚ್ಚು.

ಎರಡು ಹೆರಿಗೆಗಳ ನಡುವಿನ ಅಂತರ

ಒಂದು ಹೆರಿಗೆಯಾದ ಮೇಲೆ ಮತ್ತೆ ಗರ್ಭ ಧರಿಸುವ ಮುನ್ನ ಕನಿಷ್ಠ 24 ತಿಂಗಳು ಕಾಯುವುದು ಒಳ್ಳೆಯದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಗರ್ಭಕೋಶದ ಹೊಲಿಗೆಯ ಲೆಕ್ಕದಲ್ಲಿ, ಹಿಂದಿನ ಹೆರಿಗೆಯಿಂದ ಮುಂದಿನ ಹೆರಿಗೆಗೆ 18–19 ತಿಂಗಳಿಗಿಂತ ಕಡಿಮೆ ಅಂತರವಿದ್ದವರಲ್ಲಿ ನೋವಿನ ಸಮಯದಲ್ಲಿ ಹೊಲಿಗೆ ಬಿಟ್ಟುಕೊಳ್ಳುವ ಅಪಾಯ ಹೆಚ್ಚೆಂದು ಅಧ್ಯಯನಗಳು ತೋರಿಸಿವೆ. ಈಗಾಗಲೇ ಬೇಗ ಬಸುರಾಗಿರುವವರು ಇದನ್ನೋದಿ ಹೆದರಬೇಕಾಗಿಲ್ಲ. ಅಂತರ ಕಡಿಮೆಯಾದದ್ದನ್ನು ವೈದ್ಯರ ಗಮನಕ್ಕೆ ತಂದರೆ ಅವರು ಅದನ್ನೂ ತೂಗಿ ನೋಡುತ್ತಾರೆ.

ರಕ್ತಹೀನತೆಯನ್ನು ಮಾತ್ರ ಯಾವ ಕಾರಣಕ್ಕೂ ಮುಂದೂಡಬಾರದು. ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆಯಿದ್ದರೆ ಗರ್ಭಿಣಿಗೆ ರಕ್ತಹೀನತೆ ಇದೆಯೆಂದು ಲೆಕ್ಕ. ಸಹಜ ಹೆರಿಗೆಯಾಗಲಿ, ಮತ್ತೊಂದು ಶಸ್ತ್ರಚಿಕಿತ್ಸೆಯಾಗಲಿ, ಎರಡರಲ್ಲೂ ರಕ್ತ ಹೋಗುವುದು ಇದ್ದೇ ಇದೆ. ಒಂಬತ್ತರ ಮಟ್ಟದಲ್ಲಿ ಹೆರಿಗೆಗೆ ಹೋಗುವವಳಿಗೂ ಹನ್ನೆರಡರ ಮಟ್ಟದಲ್ಲಿ ಹೋಗುವವಳಿಗೂ ಆ ನಷ್ಟವನ್ನು ತಡೆದುಕೊಳ್ಳುವ ಶಕ್ತಿ ಒಂದೇ ಅಲ್ಲ. ಆಶಾ ಕಾರ್ಯಕರ್ತೆ ತಂದುಕೊಡುವ ಕಬ್ಬಿಣದ ಮಾತ್ರೆಯನ್ನು ಡಬ್ಬಿಯಲ್ಲಿ ತುಂಬಿಡದೆ ನುಂಗಿ, ಕಾಫಿ ಚಹಾ ಕುಡಿಯುವ ಹೊತ್ತಿನಿಂದ ದೂರವಿಟ್ಟು ನುಂಗಿ.

ಸ್ಕ್ಯಾನಿಂಗ್‌ನಲ್ಲಿ ಕೇಳಬೇಕಾದ ಮಾತು

ಮೊದಲ ಸ್ಕ್ಯಾನ್ ಆರರಿಂದ ಎಂಟನೆಯ ವಾರದೊಳಗೆ ಆಗಲಿ. ಅಪರೂಪಕ್ಕೆ ಗರ್ಭವು ಹಳೆಯ ಹೊಲಿಗೆಯ ಜಾಗದಲ್ಲೇ ಕಚ್ಚಿಕೊಂಡು ಬೆಳೆಯಲು ಆರಂಭಿಸುತ್ತದೆ. ಇದು ತಾಯಿಯ ಜೀವಕ್ಕೆ ಅಪಾಯಕಾರಿ, ಬೇಗ ಗೊತ್ತಾದಷ್ಟೂ ಚಿಕಿತ್ಸೆ ಸುಲಭ. ಹಿಂದೆ ಸಿಸೇರಿಯನ್ ಆಗಿದೆ ಎಂದು ಸ್ಕ್ಯಾನ್ ಮಾಡುವವರಿಗೆ ಬಾಯಿಬಿಟ್ಟು ಹೇಳಿ, ಗರ್ಭಚೀಲ ಹೊಲಿಗೆಯಿಂದ ದೂರವಿದೆಯೇ ಎಂದು ಕೇಳಿ.

ಐದನೆಯ ತಿಂಗಳ ಸ್ಕ್ಯಾನ್‌ನಲ್ಲಿ ಮಾಸು ಎಲ್ಲಿದೆ ಎಂಬುದು ದೊಡ್ಡ ಪ್ರಶ್ನೆ. ಮಾಸು ಗರ್ಭಕೋಶದ ಮುಂಭಾಗದಲ್ಲಿ ಕೆಳಗಿದ್ದು ಹಳೆಯ ಹೊಲಿಗೆಯನ್ನು ಆವರಿಸಿದ್ದರೆ, ಅದು ಗೋಡೆಯೊಳಕ್ಕೆ ಬೇರುಬಿಟ್ಟು ಹೆರಿಗೆಯಾದ ಮೇಲೆ ಕಳಚಿಕೊಳ್ಳದೆ ಭಾರಿ ರಕ್ತಸ್ರಾವಕ್ಕೆ ಕಾರಣವಾಗಬಹುದು. ಅಮೆರಿಕದಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ಸಿಸೇರಿಯನ್‌ಗಳನ್ನು ಪರಿಶೀಲಿಸಿ 2006ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಮಾಸು ಗರ್ಭಕೋಶದ ಬಾಯಿಗೆ ಅಡ್ಡವಿದ್ದ ತಾಯಂದಿರ ಪೈಕಿ, ಎರಡನೆಯ ಸಿಸೇರಿಯನ್‌ಗೆ ಬಂದವರಲ್ಲಿ ಶೇ 11, ಮೂರನೆಯದಕ್ಕೆ ಬಂದವರಲ್ಲಿ ಶೇ 40, ನಾಲ್ಕನೆಯದಕ್ಕೆ ಬಂದವರಲ್ಲಿ ಶೇ 61ರಷ್ಟು ಮಂದಿಗೆ ಮಾಸು ಹೀಗೆ ಕಚ್ಚಿಕೊಂಡಿತ್ತು. ಮೂರು ಮಕ್ಕಳ ಆಸೆಯಿರುವ ದಂಪತಿಗಳು ಎರಡನೆಯ ಹೆರಿಗೆಯ ಬಗೆಯನ್ನು ನಿರ್ಧರಿಸುವಾಗಲೇ ಈ ಅಂಕಿಗಳನ್ನು ಮುಂದಿಟ್ಟುಕೊಳ್ಳಬೇಕು, ಏಕೆಂದರೆ ಪ್ರತಿ ಸಿಸೇರಿಯನ್ನೂ ಅದರ ಮುಂದಿನ ಗರ್ಭಕ್ಕೆ ಇನ್ನಷ್ಟು ತೊಡಕನ್ನು ಕೂಡಿಸುತ್ತದೆ. ಐದನೆಯ ತಿಂಗಳಲ್ಲಿ ಕೆಳಗಿರುವ ಮಾಸು ಗರ್ಭಕೋಶ ಬೆಳೆದಂತೆ ಮೇಲೆ ಸರಿದಂತೆ ಕಾಣುವುದೇ ಹೆಚ್ಚು. ಹಾಗಾಗಿ 32ನೆಯ ವಾರದ ಸುಮಾರಿಗೆ ಇನ್ನೊಮ್ಮೆ ನೋಡಿಸಬೇಕು. ಆಗಲೂ ಹೊಲಿಗೆಯ ಮೇಲೆಯೇ ಇದ್ದರೆ, ಪರಿಣತ ವೈದ್ಯರ ತಂಡ ಮತ್ತು ರಕ್ತನಿಧಿ ಇರುವ ದೊಡ್ಡ ಆಸ್ಪತ್ರೆಗೆ ಹೋಗುವ ವ್ಯವಸ್ಥೆಯನ್ನು ಅಂದೇ ಆರಂಭಿಸಬೇಕು.

ಕೊನೆಯ ತಿಂಗಳುಗಳಲ್ಲಿ ‘ಹೊಲಿಗೆ ತೆಳುವಾಗಿದೆ’ ಎಂಬ ಮಾತು ಅನೇಕರ ಕಿವಿಗೆ ಬೀಳುತ್ತದೆ. ಸ್ಕ್ಯಾನ್ ವರದಿಯಲ್ಲಿ ಮಿಲಿಮೀಟರ್ ಲೆಕ್ಕದಲ್ಲಿ ಬರೆದಿರುವ ಆ ಅಳತೆ ಒಂದು ಸುಳಿವು ಮಾತ್ರ. ಇಷ್ಟಿದ್ದರೆ ಸುರಕ್ಷಿತ, ಇದಕ್ಕಿಂತ ಕಡಿಮೆಯಾದರೆ ಅಲ್ಲ ಎಂದು ಎಲ್ಲರೂ ಒಪ್ಪಿದ ಗಡಿಯೊಂದಿಲ್ಲ. ಆ ಒಂದು ಅಂಕಿಯನ್ನೇ ಹಿಡಿದು ತೀರ್ಮಾನವಾದರೆ, ಬೇರೆ ಕಾರಣಗಳೂ ಇವೆಯೇ ಎಂದು ವಿನಯದಿಂದಲೇ ಆದರೂ ಕೇಳಬೇಕು. ಆದರೆ ಹೊಲಿಗೆಯ ಜಾಗದಲ್ಲಿ ನಿರಂತರ ನೋವೂ ಇದ್ದರೆ ಅದು ಬೇರೆಯೇ ಮಾತು. ಆಗ ಅಂಕಿಗಾಗಿ ಕಾಯದೆ ಆಸ್ಪತ್ರೆಗೆ ಹೋಗಬೇಕು.

ಸಹಜ ಹೆರಿಗೆಯ ಪ್ರಯತ್ನ ಯಾರಿಗೆ ಒಪ್ಪುತ್ತದೆ

ಹಿಂದೆ ಕೆಳಭಾಗದ ಅಡ್ಡ ಕೊಯ್ತದ ಒಂದೇ ಒಂದು ಸಿಸೇರಿಯನ್ ಆಗಿದ್ದು, ಈ ಬಾರಿ ಒಂದೇ ಮಗುವಿದ್ದು, ತಲೆ ಕೆಳಗಿದ್ದು, ಮಾಸು ದಾರಿಯಲ್ಲಿಲ್ಲದಿದ್ದರೆ ಪ್ರಯತ್ನಿಸಲು ಅಡ್ಡಿಯಿಲ್ಲವೆಂಬುದು ಪ್ರಸೂತಿ ತಜ್ಞರು ಸಾಮಾನ್ಯವಾಗಿ ಒಪ್ಪುವ ಮಾತು. ಹೀಗೆ ಪ್ರಯತ್ನಿಸುವ ನೂರು ತಾಯಂದಿರಲ್ಲಿ ಸುಮಾರು 60ರಿಂದ 80 ಮಂದಿಗೆ ಸಹಜ ಹೆರಿಗೆಯಾಗುತ್ತದೆ. ಸಿಸೇರಿಯನ್‌ಗೆ ಮೊದಲೋ ನಂತರವೋ ಒಮ್ಮೆ ಸಹಜವಾಗಿ ಹೆತ್ತವರಲ್ಲಿ ಇದು 85–90ಕ್ಕೆ ಏರುತ್ತದೆ. ತಾಯಿಯ ತೂಕ ಬಹಳ ಹೆಚ್ಚಿದ್ದರೆ, ಮಗು ನಾಲ್ಕು ಕಿಲೊ ಮೀರುವ ಸೂಚನೆಯಿದ್ದರೆ, ನೋವು ತಾನಾಗಿ ಬಾರದೆ ಔಷಧಿಯಿಂದ ಬರಿಸಬೇಕಾಗಿ ಬಂದರೆ ಈ ಪ್ರಮಾಣ ಇಳಿಯುತ್ತದೆ.

ಅಪಾಯದ ಪಕ್ಕವನ್ನೂ ಅಷ್ಟೇ ಸ್ಪಷ್ಟವಾಗಿ ಹೇಳಬೇಕು. ಹೆರಿಗೆಯ ನೋವಿನಲ್ಲಿ ಹಳೆಯ ಹೊಲಿಗೆ ಬಿಟ್ಟುಕೊಳ್ಳುವುದು ಪ್ರಯತ್ನಿಸುವ ಸುಮಾರು 200 ಮಂದಿಯಲ್ಲಿ ಒಬ್ಬರಿಗೆ. ಇನ್ನೂರರಲ್ಲಿ ಒಂದೆಂದರೆ ಚಿಕ್ಕ ಸಂಖ್ಯೆಯೇ, ಆದರೆ ಹಾಗಾದಾಗ ಮಗುವಿಗೆ ಆಮ್ಲಜನಕ ನಿಲ್ಲುವುದಕ್ಕೆ ಮತ್ತು ತಾಯಿಗೆ ತೀವ್ರ ರಕ್ತಸ್ರಾವವಾಗುವುದಕ್ಕೆ ಹೆಚ್ಚು ಹೊತ್ತು ಬೇಕಾಗುವುದಿಲ್ಲ. ಇನ್ನೊಂದು ವಿಷಯ ನಮ್ಮಲ್ಲಿ ಚರ್ಚೆಯಾಗುವುದೇ ಕಡಿಮೆ. ಎಲ್ಲಕ್ಕಿಂತ ಸುಗಮವಾದುದು ಕೈಗೂಡಿದ ಸಹಜ ಹೆರಿಗೆ, ಅದರ ನಂತರ ಮೊದಲೇ ದಿನ ನಿಗದಿಪಡಿಸಿ ಮಾಡಿದ ಸಿಸೇರಿಯನ್. ಸೋಂಕು, ರಕ್ತಸ್ರಾವ, ರಕ್ತ ಕೊಡಬೇಕಾದ ಸಂದರ್ಭ ಹೆಚ್ಚಾಗಿ ಎದುರಾಗುವುದು ಪ್ರಯತ್ನಿಸಿ ಕೊನೆಗೆ ತುರ್ತಾಗಿ ಮಾಡಬೇಕಾಗಿ ಬಂದ ಸಿಸೇರಿಯನ್‌ನಲ್ಲಿ. ನಿಮ್ಮ ಪ್ರಯತ್ನ ಕೈಗೂಡುವ ಸಾಧ್ಯತೆ ಎಷ್ಟೆಂದು ಮೊದಲೇ ಅಂದಾಜು ಮಾಡಿಸಿಕೊಳ್ಳುವುದು ಇದರಿಂದಾಗಿಯೇ ಅಗತ್ಯ.

ಮೇಲ್ಭಾಗದ ಉದ್ದ ಕೊಯ್ತ ಆಗಿದ್ದವರು, ಹಿಂದೊಮ್ಮೆ ಗರ್ಭಕೋಶದ ಹೊಲಿಗೆ ಬಿಟ್ಟುಕೊಂಡಿದ್ದವರು, ಮಾಸು ದಾರಿಗೆ ಅಡ್ಡವಿರುವವರು ಸಹಜ ಹೆರಿಗೆಯ ಪ್ರಯತ್ನಕ್ಕೆ ಇಳಿಯಬಾರದು. ಇದರಲ್ಲಿ ಚರ್ಚೆಗೆ ಎಡೆಯಿಲ್ಲ. ಎರಡು ಸಿಸೇರಿಯನ್ ಆದವರ ವಿಷಯದಲ್ಲಿ ಹಿರಿಯ ತಜ್ಞರ ನಿಗಾ ಇರುವ ಕೆಲವು ಕಡೆ ಪ್ರಯತ್ನಕ್ಕೆ ಅವಕಾಶ ಉಂಟಾದರೂ, ನಮ್ಮ ಹೆಚ್ಚಿನ ಆಸ್ಪತ್ರೆಗಳಲ್ಲಿ ಮೂರನೆಯದನ್ನೂ ಸಿಸೇರಿಯನ್ ಮಾಡುವುದೇ ರೂಢಿ.

ಆಸ್ಪತ್ರೆಯ ಆಯ್ಕೆ

ವೈದ್ಯೆ ಎಷ್ಟೇ ಅನುಭವಿಯಾದರೂ ಅವರೊಬ್ಬರಿಂದ ಈ ಕೆಲಸ ಸಾಗದು. ಅರಿವಳಿಕೆ ತಜ್ಞರು ದಿನದ ಇಪ್ಪತ್ನಾಲ್ಕು ಗಂಟೆಯೂ ಆಸ್ಪತ್ರೆಯಲ್ಲೇ ಇರುತ್ತಾರೆಯೇ, ಅಥವಾ ಕರೆದರೆ ಬರುವವರೇ? ಬರಲು ಎಷ್ಟು ಹೊತ್ತು? ರಾತ್ರಿ ತುರ್ತಾಗಿ ಸಿಸೇರಿಯನ್ ಬೇಕಾದರೆ ತೀರ್ಮಾನವಾದ ಅರ್ಧ ಗಂಟೆಯೊಳಗೆ ಮಗುವನ್ನು ಹೊರತೆಗೆಯಲು ಸಾಧ್ಯವೇ? ನನ್ನ ರಕ್ತದ ಗುಂಪಿನ ರಕ್ತ ಇಲ್ಲೇ ಸಿಗುತ್ತದೆಯೇ? ಹುಟ್ಟಿದ ಮಗುವಿಗೆ ಉಸಿರಾಟದ ನೆರವು ಬೇಕಾದರೆ ಮಕ್ಕಳ ವೈದ್ಯರು, ನವಜಾತ ಶಿಶುಗಳ ತೀವ್ರ ನಿಗಾ ಘಟಕವಾದ ಎನ್‌ಐಸಿಯು ಇವೆಯೇ? ನೋವಿನ ಉದ್ದಕ್ಕೂ ಮಗುವಿನ ಎದೆಬಡಿತವನ್ನು ಯಂತ್ರದಿಂದ ನೋಡುತ್ತಿರುತ್ತಾರೆಯೇ? ಹಿಂದೆ ಸಿಸೇರಿಯನ್ ಆದವರಿಗೆ ಇಲ್ಲಿ ಸಹಜ ಹೆರಿಗೆ ಆಗುತ್ತಿರುತ್ತದೆಯೇ, ಅಪರೂಪಕ್ಕೊಮ್ಮೆಯೇ? ಈ ಪ್ರಶ್ನೆಗಳನ್ನು ಕೇಳಲು ಸಂಕೋಚ ಬೇಡ. ನೇರವಾಗಿ ಉತ್ತರಿಸುವ ವೈದ್ಯರು, ಉತ್ತರ ‘ಇಲ್ಲ’ ಎಂದಿದ್ದರೂ, ನಿಮಗೆ ಉಪಕಾರವನ್ನೇ ಮಾಡುತ್ತಿದ್ದಾರೆ.

ಸಣ್ಣ ನರ್ಸಿಂಗ್ ಹೋಮ್‌ನವರು ‘ನಮ್ಮಲ್ಲಿ ಪ್ರಯತ್ನಿಸುವುದಿಲ್ಲ, ಸಿಸೇರಿಯನ್ನೇ ಮಾಡುತ್ತೇವೆ’ ಎಂದರೆ ಹಣದಾಸೆ ಎಂದು ತಕ್ಷಣ ತೀರ್ಮಾನಿಸುವುದು ನ್ಯಾಯವಲ್ಲ. ರಾತ್ರಿ ಅರಿವಳಿಕೆ ತಜ್ಞರಿಲ್ಲದ ಕಡೆ ಪ್ರಯತ್ನಕ್ಕೆ ಇಳಿಯದಿರುವುದು ಪ್ರಾಮಾಣಿಕ ನಿಲುವು. ನಿಮಗೆ ಪ್ರಯತ್ನಿಸುವ ಮನಸ್ಸಿದ್ದರೆ, ಸಿದ್ಧತೆ ಇರುವ ಕಡೆಗೆ ನೀವೇ ಹೋಗಬೇಕು. ಬೆಂಗಳೂರಿನ ವಾಣಿ ವಿಲಾಸ, ಮೈಸೂರಿನ ಚೆಲುವಾಂಬ, ಮಂಗಳೂರಿನ ಲೇಡಿ ಗೋಷನ್ ಮೊದಲಾದ ದೊಡ್ಡ ಸರ್ಕಾರಿ ಹೆರಿಗೆ ಆಸ್ಪತ್ರೆಗಳಲ್ಲೂ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಲ್ಲೂ ವಿಚಾರಿಸಬಹುದು. ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಗಳಲ್ಲಿ ಸಿಸೇರಿಯನ್ ಸೇರಿದಂತೆ ಹೆರಿಗೆ, ಔಷಧಿ, ಪರೀಕ್ಷೆ, ರಕ್ತ ಮತ್ತು ವಾಹನ ಉಚಿತ. ಪ್ರತಿ ತಿಂಗಳ 9ರಂದು ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಲ್ಲಿ ಉಚಿತ ತಪಾಸಣೆ ನಡೆಯುತ್ತದೆ. ಹಿಂದೆ ಸಿಸೇರಿಯನ್ ಆದವರನ್ನು ಅಲ್ಲಿ ಹೆಚ್ಚಿನ ನಿಗಾ ಬೇಕಾದ ಗರ್ಭಿಣಿ ಎಂದು ಪರಿಗಣಿಸುತ್ತಾರೆ. ತಾಯಿ ಕಾರ್ಡಿಗೆ ಕೆಂಪು ಗುರುತು ಅಂಟಿಸಿದರೆ ಗಾಬರಿ ಬೇಡ, ಅದು ನಿಮ್ಮನ್ನು ಬೇಗ ಗುರುತಿಸುವುದಕ್ಕಾಗಿ.

ತವರಿಗೆ ಹೋಗುವ ಪದ್ಧತಿಯ ಬಗ್ಗೆ ಒಂದು ಮಾತು. ಏಳನೆಯ ತಿಂಗಳಲ್ಲೋ ಒಂಬತ್ತರಲ್ಲೋ ತವರಿಗೆ ಹೋದಾಗ ವೈದ್ಯರು ಬದಲಾಗುತ್ತಾರೆ, ಊರು ಬದಲಾಗುತ್ತದೆ, ಕಾಗದಗಳಲ್ಲಿ ಅರ್ಧ ಗಂಡನ ಮನೆಯಲ್ಲೇ ಉಳಿಯುತ್ತವೆ. ಹೋಗುವುದಿದ್ದರೆ 32ನೆಯ ವಾರದೊಳಗೆ ಹೋಗಿ, ಎಲ್ಲ ವರದಿಗಳೊಂದಿಗೆ ಹೊಸ ವೈದ್ಯರನ್ನು ಕಾಣಿ. ತವರು ಹಳ್ಳಿಯಲ್ಲಿದ್ದು ಸಿದ್ಧತೆಯಿರುವ ಆಸ್ಪತ್ರೆ ಒಂದೂವರೆ ಎರಡು ಗಂಟೆಯ ದೂರದಲ್ಲಿದ್ದರೆ, 37ನೆಯ ವಾರದಿಂದ ಆಸ್ಪತ್ರೆಗೆ ಹತ್ತಿರದ ನೆಂಟರ ಮನೆಯಲ್ಲಿ ಉಳಿಯುವುದು ಮೇಲು. ಮಲೆನಾಡಿನ ಮಳೆಗಾಲದಲ್ಲಿ ಇದು ಇನ್ನೂ ಮುಖ್ಯ.

36ನೆಯ ವಾರದೊಳಗೆ ಬರೆದಿಡಬೇಕಾದ ತೀರ್ಮಾನಗಳು

ಬಾಯಿಮಾತಿನ ಒಪ್ಪಂದ ರಾತ್ರಿ ಪಾಳಿಯ ವೈದ್ಯರಿಗೆ ತಲುಪುವುದಿಲ್ಲ. ತಾಯಿ ಕಾರ್ಡಿನಲ್ಲಿ ಅಥವಾ ತಪಾಸಣೆಯ ಪುಸ್ತಕದಲ್ಲಿ ಕೆಲವು ಸಂಗತಿಗಳನ್ನು ವೈದ್ಯರಿಂದ ಬರೆಸಿಕೊಳ್ಳಿ. ಸಹಜ ಹೆರಿಗೆಗೆ ಪ್ರಯತ್ನವೋ, ನಿಗದಿತ ಸಿಸೇರಿಯನ್ನೋ? ಸಿಸೇರಿಯನ್ ನಿಗದಿಯಾಗಿದ್ದು ಅದಕ್ಕೂ ಮುನ್ನವೇ ನೋವು ಬಂದರೆ ಏನು ಮಾಡುವುದು? ದಿನ ತುಂಬಿದರೂ ನೋವು ಬಾರದಿದ್ದರೆ ಎಷ್ಟು ದಿನ ಕಾಯುವುದು?

ನೋವು ಬರಿಸುವ ವಿಷಯವನ್ನು ಬಿಡಿಸಿ ಕೇಳಬೇಕು. ಔಷಧಿಯಿಂದ ನೋವು ಬರಿಸಿದಾಗ ಅಥವಾ ಡ್ರಿಪ್ ಹಾಕಿ ಹೆಚ್ಚಿಸಿದಾಗ ಹೊಲಿಗೆ ಬಿಟ್ಟುಕೊಳ್ಳುವ ಅಪಾಯ ತಾನಾಗಿ ಬಂದ ನೋವಿಗಿಂತ ಎರಡು ಮೂರು ಪಟ್ಟು ಹೆಚ್ಚುತ್ತದೆ. ಅನಿವಾರ್ಯವಾದರೆ ಗರ್ಭಕೋಶದ ಬಾಯಿಯಲ್ಲಿ ಬಲೂನಿನ ಕೊಳವೆ ಇಟ್ಟು ತೆರೆಸುವ ಕ್ರಮವಿದೆ, ಆಕ್ಸಿಟೋಸಿನ್ ಡ್ರಿಪ್ಪನ್ನು ಎಚ್ಚರದಿಂದ ಕೊಡುವುದೂ ಇದೆ. ಮಿಸೊಪ್ರೋಸ್ಟಾಲ್ ಮಾತ್ರೆಯನ್ನು ಮಾತ್ರ ಸಿಸೇರಿಯನ್ ಆದ ತಾಯಿಗೆ ದಿನ ತುಂಬಿದಾಗ ನೋವು ಬರಿಸಲು ಬಳಸಬಾರದು. ಮನೆಯಲ್ಲಿ ಹಿರಿಯರು ಪ್ರೀತಿಯಿಂದಲೇ ಕೊಡುವ ಹರಳೆಣ್ಣೆ, ನೋವು ಬರಲೆಂದು ಕಾಯಿಸುವ ಕಷಾಯ ಇವುಗಳನ್ನೂ ಬೇಡವೆನ್ನಿ. ಅತ್ತೆಯೋ ಅಜ್ಜಿಯೋ ಮುನಿಸಿಕೊಂಡರೆ ‘ಹಳೆ ಹೊಲಿಗೆ ಇದೆ, ಡಾಕ್ಟರು ಬೇಡ ಅಂದಿದ್ದಾರೆ’ ಎಂದು ಹೇಳಿದರೆ ಸಾಕು, ಅರ್ಥಮಾಡಿಕೊಳ್ಳುತ್ತಾರೆ.

ನೋವು ಶುರುವಾದ ಮೇಲೆ

ಮೊದಲ ಹೆರಿಗೆಯವರಿಗೆ ಹೇಳುವಂತೆ ‘ನೋವು ಜೋರಾಗುವ ತನಕ ಮನೆಯಲ್ಲಿರಿ’ ಎಂಬ ಸಲಹೆ ಇಲ್ಲಿ ಸಲ್ಲದು. ನೋವು ಒಂದೇ ಕ್ರಮದಲ್ಲಿ ಬಂದು ಹೋಗತೊಡಗಿದರೆ, ನೀರು ಹೋದರೆ, ರಕ್ತ ಕಂಡರೆ, ಮಗುವಿನ ಚಲನೆ ಕಡಿಮೆಯೆನಿಸಿದರೆ ಹೊರಟುಬಿಡಿ. ವಾಹನವಿಲ್ಲದಿದ್ದರೆ 108ಕ್ಕೆ ಕರೆ ಮಾಡಿ, ಹಿಂದೆ ಸಿಸೇರಿಯನ್ ಆಗಿದೆ ಎಂದು ಮೊದಲ ಮಾತಿನಲ್ಲೇ ಹೇಳಿ. ಮನೆಯಲ್ಲಿ ಹೆರಿಗೆ ಮಾಡಿಸುವ ಯೋಚನೆ ಯಾವ ಸಂದರ್ಭದಲ್ಲೂ ಬೇಡ.

ಆಸ್ಪತ್ರೆಯಲ್ಲಿ ಕೈಗೆ ಸೂಜಿ ಹಾಕಿ ಇಡುತ್ತಾರೆ, ರಕ್ತದ ಹೊಂದಾಣಿಕೆ ನೋಡಲು ಮಾದರಿ ತೆಗೆಯುತ್ತಾರೆ, ಹೊಟ್ಟೆಗೆ ಪಟ್ಟಿ ಕಟ್ಟಿ ಮಗುವಿನ ಎದೆಬಡಿತವನ್ನು ನಿರಂತರವಾಗಿ ನೋಡುತ್ತಾರೆ. ಹೊಲಿಗೆ ಬಿಟ್ಟುಕೊಳ್ಳುವಾಗ ಹೆಚ್ಚಿನ ಪ್ರಕರಣಗಳಲ್ಲಿ ಕಾಣುವ ಸೂಚನೆ ಈ ಎದೆಬಡಿತದ ಏರುಪೇರೇ ಆದ್ದರಿಂದ, ಪಟ್ಟಿ ಕಿರಿಕಿರಿಯೆನಿಸಿದರೂ ತೆಗೆಯಲು ಒತ್ತಾಯಿಸಬೇಡಿ. ಪಕ್ಕಕ್ಕೆ ಹೊರಳಲು, ಯಂತ್ರದ ಪಕ್ಕದಲ್ಲೇ ನಿಲ್ಲಲು, ಕೂರಲು ಅನುಮತಿ ಕೇಳಬಹುದು. ಬೆನ್ನಿಗೆ ಕೊಡುವ ನೋವುನಿವಾರಕ ಚುಚ್ಚುಮದ್ದು, ಅಂದರೆ ಎಪಿಡ್ಯೂರಲ್, ಹಳೆಯ ಹೊಲಿಗೆ ಇದ್ದವರಿಗೆ ನಿಷಿದ್ಧವಲ್ಲ. ಅದನ್ನು ಪಡೆದ ಮೇಲೂ ಪದೇ ಪದೇ ಹೆಚ್ಚಿನ ಔಷಧಿ ಬೇಕೆನಿಸುವಷ್ಟು ನೋವಾದರೆ ಅದೊಂದು ಎಚ್ಚರಿಕೆ, ತಕ್ಷಣ ಹೇಳಿ.

ಬಿಗಿತ ಇಳಿದ ನಡುವಿನ ಹೊತ್ತಿನಲ್ಲೂ ಬಿಡದೆ ಕಾಡುವ ಹೊಟ್ಟೆನೋವು, ಹೊಲಿಗೆಯ ಜಾಗದಲ್ಲಿ ಏಕಾಏಕಿ ಸೀಳಿದಂಥ ನೋವು, ಜೋರಾಗಿ ಬರುತ್ತಿದ್ದ ಬೇನೆ ಒಮ್ಮೆಲೇ ನಿಂತುಬಿಡುವುದು, ರಕ್ತಸ್ರಾವ, ಮೂತ್ರದಲ್ಲಿ ರಕ್ತ, ಕಣ್ಣುಕತ್ತಲೆ, ಎದೆ ಡವಡವ ಹೊಡೆದುಕೊಳ್ಳುವುದು, ಭುಜದ ತುದಿಯಲ್ಲಿ ನೋವು ಇವೆಲ್ಲ ಅಪಾಯದ ಸೂಚನೆಗಳು. ಬೇನೆ ತಿನ್ನುತ್ತಿರುವವಳಿಗೆ ಇದನ್ನೆಲ್ಲ ನೆನಪಿಟ್ಟುಕೊಂಡು ಹೇಳುವ ಚೈತನ್ಯ ಇರುವುದಿಲ್ಲ. ಜೊತೆಗಿರುವ ತಾಯಿ, ಅಕ್ಕ ಅಥವಾ ಅತ್ತಿಗೆ ಇದನ್ನು ಮೊದಲೇ ಓದಿರಬೇಕು.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಕೊನೆಯ ಹಂತದಲ್ಲಿ ಮಗು ಬೇಗ ಹೊರಬರಲೆಂದು ಹೊಟ್ಟೆಯ ಮೇಲಿಂದ ಕೈಯಿಂದ ಒತ್ತುವ ರೂಢಿ ನಮ್ಮ ಹೆರಿಗೆ ಕೋಣೆಗಳಿಂದ ಪೂರ್ತಿ ಹೋಗಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ತನ್ನ 2018ರ ಮಾರ್ಗಸೂಚಿಯಲ್ಲಿ ಇದು ಯಾರಿಗೂ ಬೇಡವೆಂದಿದೆ. ಹಳೆಯ ಹೊಲಿಗೆ ಇರುವವರಿಗಂತೂ ಸುತರಾಂ ಕೂಡದು. ‘ಹೊಟ್ಟೆ ಒತ್ತಬೇಡಿ’ ಎಂದು ಹೇಳುವ ಹಕ್ಕು ನಿಮಗಿದೆ. ದಾಖಲಾಗುವಾಗಲೇ ಇದನ್ನು ಹೇಳಿಡುವುದು ಒಳ್ಳೆಯದು, ಆ ಗಳಿಗೆಯಲ್ಲಿ ಹೇಳಲು ದನಿ ಇರುವುದಿಲ್ಲ.

ಪ್ರಯತ್ನದ ನಡುವೆ ವೈದ್ಯರು ಸಿಸೇರಿಯನ್ ಬೇಕೆಂದರೆ ಚೌಕಾಶಿಗೆ ಇಳಿಯಬೇಡಿ. ಇನ್ನೊಂದು ಗಂಟೆ ನೋಡೋಣವೇ ಎಂದು ಒಮ್ಮೆ ಕೇಳಬಹುದು, ಕಾರಣ ಕೇಳಬಹುದು. ಎದೆಬಡಿತ ಕುಸಿದಿದೆ ಎಂದಾಗ ಸಹಿ ಹಾಕಲು ಹೊರಗೆ ಹೋದ ಯಜಮಾನರಿಗಾಗಿ ಕಾಯುವುದು ಸರಿಯಲ್ಲ. ಪ್ರಜ್ಞೆಯಿರುವ ವಯಸ್ಕ ತಾಯಿಯ ಒಪ್ಪಿಗೆಯೇ ಸಾಕಾಗುತ್ತದೆ.

ಮತ್ತೆ ಸಿಸೇರಿಯನ್ ಎಂದು ತೀರ್ಮಾನವಾದರೆ

ಬೇರೆ ತೊಂದರೆ ಇಲ್ಲದಿದ್ದರೆ 39 ವಾರ ತುಂಬಿದ ಮೇಲೆಯೇ ದಿನ ಇಟ್ಟುಕೊಳ್ಳಬೇಕು. ಅದಕ್ಕಿಂತ ಮೊದಲು ತೆಗೆದ ಮಕ್ಕಳಲ್ಲಿ ಉಸಿರಾಟದ ತೊಂದರೆ ಹೆಚ್ಚು. ಒಳ್ಳೆಯ ನಕ್ಷತ್ರ, ಒಳ್ಳೆಯ ಗಳಿಗೆ ನೋಡುವ ಮನೆಯವರ ನಂಬಿಕೆಗೆ ನನ್ನ ತಕರಾರಿಲ್ಲ, 39 ವಾರ ತುಂಬಿದ ದಿನಗಳ ಒಳಗೆ ನೋಡಿಸಲಿ. ಅಮಾವಾಸ್ಯೆ ತಪ್ಪಿಸಲೆಂದು 37ನೆಯ ವಾರಕ್ಕೆ ತಂದುಕೊಂಡರೆ ಮಗು ಹುಟ್ಟಿದ ಒಳ್ಳೆಯ ಗಳಿಗೆಯನ್ನು ಎನ್‌ಐಸಿಯುವಿನಲ್ಲಿ ಕಳೆಯಬೇಕಾದೀತು.

ಸಂತಾನಹರಣ ಶಸ್ತ್ರಚಿಕಿತ್ಸೆಯನ್ನು ಅದೇ ವೇಳೆಗೆ ಮಾಡಿಸುವುದಿದ್ದರೆ, ಗಂಡ ಹೆಂಡತಿ ಇಬ್ಬರೂ ಕೂತು ವಾರಗಳ ಮೊದಲೇ ಮಾತಾಡಿ ತೀರ್ಮಾನಿಸಿ. ಮೇಜಿನ ಮೇಲೆ ಮಲಗಿದ್ದಾಗ ‘ಇದನ್ನೂ ಮಾಡಿಬಿಡೋಣವೇ’ ಎಂದು ಕೇಳುವುದು, ಒಪ್ಪುವುದು ಎರಡೂ ತಪ್ಪು. ಇನ್ನೂ ಮನಸ್ಸು ಗಟ್ಟಿಯಾಗಿಲ್ಲವೆಂದರೆ ಸಿಸೇರಿಯನ್ ಸಮಯದಲ್ಲೇ ಕಾಪರ್ ಟಿ ಹಾಕಿಸಿಕೊಳ್ಳುವ ಅವಕಾಶವಿದೆ.

ಬಾಣಂತನದ ದಿನಗಳು

ಸಹಜವಾಗಿ ಹೆತ್ತವರಾಗಲಿ, ಮತ್ತೆ ಸಿಸೇರಿಯನ್ ಆದವರಾಗಲಿ, ಮಗುವಿಗೆ ಮೊದಲ ಗಂಟೆಯೊಳಗೆ ಎದೆಹಾಲು ಕುಡಿಸಲು ನೆರವು ಕೇಳಿ. ಶಸ್ತ್ರಚಿಕಿತ್ಸೆಯಾದವರು ವೈದ್ಯರು ಹೇಳಿದ ಕೂಡಲೇ, ಸಾಧ್ಯವಾದರೆ 24 ಗಂಟೆಯೊಳಗೇ ಎದ್ದು ನಾಲ್ಕು ಹೆಜ್ಜೆ ನಡೆಯಬೇಕು. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟದಿರಲು ಇದು ಬೇಕು. ಬಾಣಂತಿಗೆ ನೀರು ಕೊಡಬಾರದು ಎಂಬ ಪದ್ಧತಿಯನ್ನು ಈ ಮನೆಗಳಲ್ಲಿ ನಿಲ್ಲಿಸಲೇಬೇಕು. ನೀರು ಕಡಿಮೆಯಾದರೆ ಮಲಬದ್ಧತೆ, ಮೂತ್ರದ ಸೋಂಕು, ರಕ್ತ ಹೆಪ್ಪುಗಟ್ಟುವ ಭಯ ಮೂರೂ ಹೆಚ್ಚು. ಬಿಸಿನೀರನ್ನಾದರೂ ಸರಿ, ಬಾಯಾರಿದಷ್ಟು ಕುಡಿಯಲಿ. ಹಸಿ ಗಾಯಕ್ಕೆ ಎಣ್ಣೆ, ಅರಿಶಿನ, ಸಾಂಬ್ರಾಣಿ ಹೊಗೆ ಯಾವುದೂ ಬೇಡ. ಒಣಗಿಸಿ ಇಡುವುದಷ್ಟೇ ಅದಕ್ಕೆ ಬೇಕಾದ ಆರೈಕೆ.

ಜ್ವರ ಬಂದರೆ, ಗಾಯ ಕೆಂಪಾಗಿ ಊದಿ ಕೀವು ಒಸರಿದರೆ, ಒಂದು ಗಂಟೆಯಲ್ಲಿ ಎರಡು ಪ್ಯಾಡ್ ಪೂರ್ತಿ ತೊಯ್ಯುವಷ್ಟು ರಕ್ತ ಹೋದರೆ, ಒಂದೇ ಕಾಲು ಊದಿ ನೋಯತೊಡಗಿದರೆ, ಉಸಿರು ಕಟ್ಟಿದಂತಾದರೆ ಹನ್ನೊಂದನೆಯ ದಿನದ ನಾಮಕರಣ, ಪುಣ್ಯಾಹ ಮುಗಿಯಲಿ ಎಂದು ಕಾಯದೆ ಅದೇ ಹೊತ್ತಿಗೆ ಆಸ್ಪತ್ರೆಗೆ ಮರಳಬೇಕು.